ಅಕ್ಕಾರ ಲ್ಯಾಪ್‌ಟಾಪಿನಲ್ಲಿ ವೈರಸ್ ಇರಲಿಲ್ಲ

ಪುಣೆಯ ಕನ್ನಡ ಮನೆಗಳಲ್ಲಿ ಕಂಪ್ಯೂಟರ್ ಸ್ವಲ್ಪ ಮಂದವಾದರೆ ಸಾಕು, ‘ವೈರಸ್ ಹೊಕ್ಕದ’ ಅನ್ನುವ ತೀರ್ಪು ಬಂದುಬಿಡುತ್ತದೆ. ಕೋಥ್ರೂಡಿನಲ್ಲಿ ನೆಲೆಸಿದ ಧಾರವಾಡದ ನಿವೃತ್ತರಿರಲಿ, ಚಿಂಚವಡದ ಕಾರ್ಖಾನೆಗಳಿಗೆಂದು ಬಂದು ಇಲ್ಲೇ ಮನೆ ಮಾಡಿದ ವಿಜಯಪುರ, ಕಲಬುರಗಿ ಕಡೆಯವರಿರಲಿ, ಹಿಂಜವಡಿಯ ಐಟಿ ಕಂಪನಿಗಳಲ್ಲಿರುವ ಮಕ್ಕಳ ಜೊತೆ ಇರಲು ಬಂದ ತಂದೆತಾಯಿಗಳಿರಲಿ, ಮಾತು ಅದೇ. ಮದ್ದೂ ಅದೇ: ಬುಧವಾರ ಪೇಠದ ತಾಪ್ಕೀರ್ ಗಲ್ಲಿಗೆ ಹೋಗಿ ಒಂದು ಆಂಟಿವೈರಸ್ ಡಬ್ಬಿ ತಂದು ಹಾಕುವುದು. ಹಾಕಿದ ಮೇಲೆ ಕಂಪ್ಯೂಟರ್ ಇನ್ನಷ್ಟು ಮಂದವಾಗುತ್ತದೆ. ಆಗ ಹೊಕ್ಕಿರುವ ವೈರಸ್ ಬಲವಾದದ್ದೇ ಇರಬೇಕು ಅಂದುಕೊಂಡು ಮುಂದಿನ ವರ್ಷ ಇನ್ನೂ ದುಬಾರಿಯ ಡಬ್ಬಿ ತರುತ್ತಾರೆ.

ನನ್ನ ಹೊಟ್ಟೆಪಾಡೂ ಕಂಪ್ಯೂಟರಿನಿಂದಲೇ. ರಜೆಯ ದಿನ ಪರಿಚಯದವರ ಲ್ಯಾಪ್‌ಟಾಪುಗಳನ್ನು ನೋಡಿಕೊಡುವುದು ರೂಢಿಯಾಗಿಬಿಟ್ಟಿದೆ. ಹಾಗೆ ನೋಡುತ್ತ ನೋಡುತ್ತ ನನಗೆ ಖಚಿತವಾದ ವಿಷಯ ಇಷ್ಟು: ಮನೆಯ ಕಂಪ್ಯೂಟರಿನಲ್ಲಿ ಇಂಟರ್ನೆಟ್ ನಿಧಾನವಾಗಲು ವೈರಸ್ ಕಾರಣವಾಗಿರುವುದು ಅಪರೂಪ. ವೈರಸ್ಸಿನ ಭಯ ಕಾರಣವಾಗಿರುವುದು ಮಾತ್ರ ತುಂಬ ಸಲ. ಆ ಭಯದಿಂದಲೇ ಜನ ಬೇಡದ್ದನ್ನು ಕೊಳ್ಳುತ್ತಾರೆ, ಬೇಡದ್ದನ್ನು ತುಂಬಿಸಿಕೊಳ್ಳುತ್ತಾರೆ, ಕೊನೆಗೆ ಅದೇ ಭಯ ಹಿಡಿದುಕೊಂಡು ಬಂದ ವಂಚಕನಿಗೆ ಬ್ಯಾಂಕಿನ ಖಾತೆಯನ್ನೇ ಒಪ್ಪಿಸುತ್ತಾರೆ. ಈ ಮೂರನೆಯದು ನನ್ನನ್ನು ಬಹಳ ಕಾಡುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕರ್ವೆನಗರದಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ಧಾರವಾಡ ಕಡೆಯವರು, ನಾವೆಲ್ಲ ಅವರನ್ನು ಅಕ್ಕಾರ ಅಂತಲೇ ಕರೆಯುವುದು. ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಪತ್ರಿಕೆ ಓದುತ್ತಾರೆ, ಲೇಖನ ಟೈಪ್ ಮಾಡುತ್ತಾರೆ, ಹೊರದೇಶದ ಮೊಮ್ಮಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ. ಒಂದು ಪತ್ರಿಕೆಯ ಪುಟ ತೆರೆಯಲು ಒತ್ತಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು.

“ಎರಡು ಆಂಟಿವೈರಸ್ ಹಾಕಿಸೇನಿ, ಆದ್ರೂ ವೈರಸ್ ಹೋಗವಲ್ತು ನೋಡಪಾ” ಅಂದರು.

ನೋಡಿದೆ. ಅವರೆಂದ ಎರಡರ ಜೊತೆಗೆ ಮೂರನೆಯದೂ ಇತ್ತು. ಒಂದು ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು, ಉಚಿತ ಅವಧಿ ಎಂದೋ ಮುಗಿದಿತ್ತು, ಪರದೆಯ ಮೂಲೆಯಲ್ಲಿ ‘ನೀವು ಅಪಾಯದಲ್ಲಿದ್ದೀರಿ’ ಎಂದು ಕೆಂಪಗೆ ಹೊಳೆಯುತ್ತಿತ್ತು. ಇನ್ನೊಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದು. ಮೂರನೆಯದು ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆ ಎನ್ನುವ ಒಂದು ಪ್ರೋಗ್ರಾಮು, ಯಾವುದೋ ಜಾಹೀರಾತು ಒತ್ತಿದಾಗ ಬಂದು ಕೂತದ್ದು. ಯಾವ ಪ್ರೋಗ್ರಾಮು ಎಷ್ಟು ಕೆಲಸ ಹಿಡಿದಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕಿನ ಕಾಲಂ ನೂರಕ್ಕೆ ನೂರು ಕೆಂಪು. ಒಳಗಿದ್ದದ್ದು ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್, ತಾತ್ಕಾಲಿಕ ನೆನಪಿಗೆಂದು 4 ಜಿಬಿ ರ್‍ಯಾಮ್. ಕ್ರೋಮ್‌ನಲ್ಲಿ ರಿಯಾಯಿತಿ ಕೂಪನ್ ಹುಡುಕುವುದು, ಪಿಡಿಎಫ್ ಬದಲಿಸುವುದು, ಹುಡುಕಾಟದ ಪುಟವನ್ನೇ ಬದಲಿಸಿ ಕೂರುವುದು, ಹೀಗೆ ಬ್ರೌಸರಿಗೆ ಅಂಟಿಕೊಳ್ಳುವ ಸಣ್ಣ ಪ್ರೋಗ್ರಾಮುಗಳಾದ ಎಕ್ಸ್‌ಟೆನ್ಶನ್‌ಗಳ ಸಾಲು. ರೌಟರ್ ಇದ್ದದ್ದು ಹಾಲ್‌ನ ಕಬ್ಬಿಣದ ಕಪಾಟಿನ ಹಿಂದೆ, ಅಕ್ಕಾರು ಕೂರುವುದು ಎರಡು ಗೋಡೆ ದಾಟಿದ ಕೋಣೆಯಲ್ಲಿ.

“ಇದರಾಗ ವೈರಸ್ ಇಲ್ರಿ ಅಕ್ಕಾರ.”

“ಹಂಗಾದ್ರ ಇಷ್ಟು ನಿಧಾನ ಯಾಕದ?”

ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕೆಂದರೆ ಒಂದು ವೆಬ್ ಪುಟ ತೆರೆಯುವಾಗ ಏನೇನು ನಡೆಯುತ್ತದೆ ಎಂದು ಹೇಳಬೇಕು. ಪತ್ರಿಕೆಯ ಒಂದು ಸುದ್ದಿಯಲ್ಲಿ ನಾವು ಓದುವ ಅಕ್ಷರಗಳ ತೂಕ ಕೆಲವೇ ಕಿಲೋಬೈಟ್. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷಿನದಕ್ಕೆ 1 ಸಾಕು. ಆದರೂ ಬರಹದ ಭಾಗ ತೀರ ಹಗುರ. ಭಾರ ಇರುವುದು ಉಳಿದದ್ದರಲ್ಲಿ: ಚಿತ್ರಗಳು, ತಾನಾಗಿ ಓಡುವ ವಿಡಿಯೋ, ಒತ್ತಕ್ಷರಗಳನ್ನೆಲ್ಲ ಹೊತ್ತ ದೊಡ್ಡ ಫಾಂಟ್ ಕಡತ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಜಾಹೀರಾತಿನ ಸ್ಕ್ರಿಪ್ಟುಗಳು, ನಾವು ಏನು ನೋಡಿದೆವು ಎಂದು ಬರೆದಿಟ್ಟುಕೊಳ್ಳುವ ಟ್ರ್ಯಾಕರುಗಳು. ಇಂದಿನ ಸಾಧಾರಣ ವೆಬ್ ಪುಟವೊಂದು 2 ಎಂಬಿಗೂ ಮಿಕ್ಕಿ ಭಾರ ಇರುತ್ತದೆ. ಜಾಹೀರಾತು ತುಂಬಿದ ಸುದ್ದಿಯ ಪುಟ ಅದನ್ನೂ ಮೀರುತ್ತದೆ. ಇವೆಲ್ಲ ಒಂದೇ ಕಡೆಯಿಂದ ಬರುವುದಿಲ್ಲ. ಬೇರೆ ಬೇರೆ ಹತ್ತಾರು ಸರ್ವರುಗಳಿಗೆ ಬ್ರೌಸರ್ ಒಂದೊಂದಾಗಿ ಕೇಳಬೇಕು, ವಿಳಾಸ ಹುಡುಕಬೇಕು, ಗೂಢಲಿಪಿಯ ಸಂಪರ್ಕ ಕಟ್ಟಬೇಕು.

ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಆ ಸ್ಕ್ರಿಪ್ಟುಗಳನ್ನು ಓಡಿಸುವವನು ನಮ್ಮದೇ ಕಂಪ್ಯೂಟರಿನ ಪ್ರೊಸೆಸರ್. ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪಿಗೆ ಇಂದಿನ ಪುಟ ಬಿಡಿಸುವುದೇ ದೊಡ್ಡ ಹೊರೆ. ರ್‍ಯಾಮ್ ಸಾಲದೆ ಹೋದಾಗ ವಿಂಡೋಸ್ ಆ ಹೊರೆಯನ್ನು ಡಿಸ್ಕಿಗೆ ಇಳಿಸುತ್ತದೆ, ತಟ್ಟೆಯ ಡಿಸ್ಕು ಅದನ್ನು ಹುಡುಕಿ ಹುಡುಕಿ ಓದುವಷ್ಟರಲ್ಲಿ ಚಕ್ರ ತಿರುಗುತ್ತಿರುತ್ತದೆ. ಇಂಟರ್ನೆಟ್ ಕಂಪನಿಯವರಿಗೆ ಹೇಳಿ 50 ಎಂಬಿಪಿಎಸ್ ಅನ್ನು 100 ಮಾಡಿಸಿಕೊಂಡರೆ ಇದಕ್ಕೆ ಏನೂ ಆಗುವುದಿಲ್ಲ. ಪೈಪು ಅಗಲವಾಗುತ್ತದೆ ಅಷ್ಟೇ, ಬಂದದ್ದನ್ನು ಹಿಡಿಯುವ ಕಡೆ ಬದಲಾಗಿರುವುದಿಲ್ಲ.

ಇಷ್ಟರ ನಡುವೆ ಆಂಟಿವೈರಸ್ ಬಂದು ನಿಲ್ಲುತ್ತದೆ. ಅದರ ಕೆಲಸವೇ ಪ್ರತಿಯೊಂದು ಕಡತ ತೆರೆಯುವಾಗ, ಬರೆಯುವಾಗ ತಡೆದು ನೋಡುವುದು. ಬ್ರೌಸರ್ ಒಂದು ಪುಟಕ್ಕಾಗಿ ನೂರಾರು ಸಣ್ಣ ಸಣ್ಣ ಕಡತಗಳನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ, ಅವೆಲ್ಲ ತಪಾಸಣೆಗೆ ನಿಲ್ಲಬೇಕು. ಕೆಲವು ಆಂಟಿವೈರಸ್‌ಗಳು ಇನ್ನೂ ಮುಂದೆ ಹೋಗಿ ತಮ್ಮದೊಂದು ಸರ್ಟಿಫಿಕೇಟನ್ನು, ಅಂದರೆ ಬ್ರೌಸರ್ ನಂಬುವ ಗುರುತುಪತ್ರವನ್ನು, ವಿಂಡೋಸ್‌ನಲ್ಲಿ ನೆಟ್ಟು, ಬ್ರೌಸರಿಗೂ ಬ್ಯಾಂಕಿನ ಜಾಲತಾಣಕ್ಕೂ ನಡುವಿನ ಗೂಢ ಸಂಪರ್ಕವನ್ನೇ ಬಿಚ್ಚಿ, ಒಳಗಿನದನ್ನು ಓದಿ, ಮತ್ತೆ ಕಟ್ಟಿ ಕಳಿಸುತ್ತವೆ. ವೆಬ್ ಶೀಲ್ಡ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಬಹುಮಟ್ಟಿಗೆ ಇದನ್ನೇ. ಒಂದು ಸೊಸೈಟಿಯ ಗೇಟಿನಲ್ಲಿ ಒಬ್ಬ ವಾಚ್‌ಮನ್ ಬಂದವರ ಹೆಸರು ಬರೆದುಕೊಂಡು ಒಳಗೆ ಬಿಡುವುದಕ್ಕೂ, ಮೂವರು ವಾಚ್‌ಮನ್‌ಗಳು ಮೂರು ರಿಜಿಸ್ಟರ್ ಹಿಡಿದು ಪ್ರತಿಯೊಬ್ಬರನ್ನೂ ಮೂರು ಸಲ ತಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅಕ್ಕಾರ ಲ್ಯಾಪ್‌ಟಾಪ್ ಅನುಭವಿಸುತ್ತಿತ್ತು.

ಮೂರನ್ನೂ ತೆಗೆದೆ. ಎಕ್ಸ್‌ಟೆನ್ಶನ್‌ಗಳನ್ನು ಅಳಿಸಿದೆ. ಅವರ ಹುಡುಕಾಟದ ಪುಟ ಬದಲಿಸಿದ್ದ ಎಕ್ಸ್‌ಟೆನ್ಶನ್ ನಿಜಕ್ಕೂ ಕಿಡಿಗೇಡಿಯೇ, ಆದರೆ ದುಡ್ಡು ಕೊಟ್ಟ ಆಂಟಿವೈರಸ್ ಅದರ ಬಗ್ಗೆ ಚಕಾರ ಎತ್ತಿರಲಿಲ್ಲ. ಯಾಕೆಂದರೆ ‘ಸೇರಿಸು’ ಎಂಬ ಗುಂಡಿಯನ್ನು ಅಕ್ಕಾರೇ ಒತ್ತಿದ್ದರು. ರೌಟರನ್ನು ಕಪಾಟಿನ ಹಿಂದಿನಿಂದ ತೆಗೆದು ಪ್ಯಾಸೇಜಿನ ಶೆಲ್ಫಿನ ಮೇಲಿಟ್ಟೆ. ಆಮೇಲೆ ಅವರ ಮಗನಿಗೆ ಹೇಳಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕು, ತರಿಸಿ ಹಾಕಿದೆವು, ಇನ್ನೊಂದು 4 ಜಿಬಿ ರ್‍ಯಾಮ್ ಕೂಡಿಸಿದೆವು. ವರ್ಷ ವರ್ಷ ಲೈಸೆನ್ಸಿಗೆ ಹೋಗುತ್ತಿದ್ದ ದುಡ್ಡು ಇದಕ್ಕೆ ಹೋಗಿದ್ದರೆ ಎಂದೋ ಮುಗಿಯುತ್ತಿತ್ತು ಈ ಕೆಲಸ.

ಹಾಗಾದರೆ ಆಂಟಿವೈರಸ್ ಎನ್ನುವುದೇ ಮೋಸವೇ? ಖಂಡಿತ ಅಲ್ಲ. ಪುಣೆಯಲ್ಲಿದ್ದುಕೊಂಡು ಹಾಗೆ ಹೇಳುವುದು ಅನ್ಯಾಯವೂ ಆಗುತ್ತದೆ. ಪಿಸಿಗಳ ಮೊದಲ ವೈರಸ್ ಎನ್ನಲಾಗುವ ‘ಬ್ರೇನ್’ 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರಿಂದ ಹೊರಬಿತ್ತು, ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಜಗತ್ತು ಸುತ್ತಿತು. 1990ರ ದಶಕದಲ್ಲಿ ಇದೇ ಊರಿನಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಶುರು ಮಾಡಿದ ಕೈಲಾಸ ಕಾಟಕರ್, ಅವರ ತಮ್ಮ ಸಂಜಯ ಸೇರಿ ಕಟ್ಟಿದ್ದು ಕ್ವಿಕ್ ಹೀಲ್. ರಿಪೇರಿಗೆ ಬಂದ ಕಂಪ್ಯೂಟರುಗಳಲ್ಲಿ ಮತ್ತೆ ಮತ್ತೆ ವೈರಸ್ ಕಂಡು ತಮ್ಮ ಬರೆದ ಪ್ರೋಗ್ರಾಮುಗಳಿಂದ ಬೆಳೆದ ಕಂಪನಿ ಅದು. 2007ರವರೆಗೂ ಅದರ ಹೆಸರು ಕ್ಯಾಟ್ ಕಂಪ್ಯೂಟರ್ ಸರ್ವಿಸಸ್ ಎಂದೇ ಇತ್ತು. ಪರದೇಶದ ಡಬ್ಬಿಗಳು ಕೈಗೆಟುಕದ ಕಾಲದಲ್ಲಿ ಸಣ್ಣ ಊರುಗಳ ಡಿಟಿಪಿ ಅಂಗಡಿಗಳಿಗೂ ರಕ್ಷಣೆ ಮುಟ್ಟಿಸಿದ ಈ ಬಗೆಯ ಕೆಲಸಕ್ಕೆ ನನಗೆ ಗೌರವವಿದೆ.

ಪೆನ್ ಡ್ರೈವ್ ಕಾಲ ನೆನಪಿದೆಯೇ? ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿ ಬಂದರೆ ಮನೆಯ ಕಂಪ್ಯೂಟರಿನಲ್ಲಿ ಫೋಲ್ಡರುಗಳೆಲ್ಲ ಮಾಯ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು. ವಿಂಡೋಸ್ ಎಕ್ಸ್‌ಪಿಗೆ ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಮನ್ನು ತಾನಾಗಿಯೇ ಓಡಿಸುವ ಗುಣವಿತ್ತು. ಫ್ಲ್ಯಾಶ್, ಜಾವಾ ಎಂಬ ಪ್ಲಗಿನ್‌ಗಳ ಬಿರುಕಿನಿಂದ ಬರೀ ಒಂದು ಪುಟ ತೆರೆದರೂ ರೋಗ ಹತ್ತುತ್ತಿತ್ತು. ಆಗ ಆಂಟಿವೈರಸ್ ಇಲ್ಲದೆ ಇರುವುದು ಹುಂಬತನವಾಗಿತ್ತು.

ಆಮೇಲೆ ನಡೆದದ್ದನ್ನು ನಮ್ಮ ಮನೆಗಳು ಗಮನಿಸಲಿಲ್ಲ. ಕ್ರೋಮ್ 2008ರಲ್ಲಿ ಬಂದಾಗಲೇ ಪುಟಗಳನ್ನು ಬೇಲಿಯೊಳಗಿಟ್ಟು ಓಡಿಸುವ ಏರ್ಪಾಡು ತಂದಿತು, ಉಳಿದ ಬ್ರೌಸರುಗಳೂ ಅದೇ ದಾರಿ ಹಿಡಿದವು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್ ಡ್ರೈವ್ ತಾನಾಗಿ ಓಡುವುದನ್ನು ಅಪ್‌ಡೇಟ್ ಮೂಲಕ ನಿಲ್ಲಿಸಿತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸ್‌ನ ಒಳಗೇ ಬಂತು. 2020ರ ಕೊನೆಗೆ ಫ್ಲ್ಯಾಶ್ ಸತ್ತೇಹೋಯಿತು. ಇಂದು ವಿಂಡೋಸ್ 10 ಅಥವಾ 11 ಇರುವ ಯಾರ ಮನೆಯಲ್ಲೂ ಆಂಟಿವೈರಸ್ ಇಲ್ಲ ಎಂಬ ಮಾತೇ ಇಲ್ಲ, ಅದು ಕಂಪ್ಯೂಟರಿನ ಜೊತೆಗೇ ಬಂದಿದೆ. ಜರ್ಮನಿಯ ಎವಿ-ಟೆಸ್ಟ್‌ನಂಥ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಡಿಫೆಂಡರ್ ವರ್ಷಗಳಿಂದ ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತಿದೆ. ನಾವು ಹೊರಗಿನ ಇನ್ನೊಂದನ್ನು ಹಾಕಿದ ಕೂಡಲೇ ಇದು ಮೆಲ್ಲಗೆ ಪಕ್ಕಕ್ಕೆ ಸರಿದು ತನ್ನ ಕಾವಲನ್ನು ನಿಲ್ಲಿಸುತ್ತದೆ. ಅಂದರೆ ಡಬ್ಬಿ ತಂದವರು ಇದ್ದ ಕಾವಲಿಗೆ ಮತ್ತೊಂದನ್ನು ಕೂಡಿಸಿಕೊಳ್ಳುವುದಿಲ್ಲ, ಒಂದರ ಬದಲು ಇನ್ನೊಂದನ್ನು ತರುತ್ತಾರೆ.

ಡಿಫೆಂಡರೂ ಹಗುರವಲ್ಲ, ಅದನ್ನು ಒಪ್ಪುತ್ತೇನೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಎಂಬ ಹೆಸರು ಮೇಲೆ ಬಂದು ಕೂತಿರುವುದನ್ನು ನೋಡಿರುತ್ತೀರಿ. ಅದು ವೈರಸ್ ಅಲ್ಲ, ಡಿಫೆಂಡರ್. ಅಂತರ್ಜಾಲದಲ್ಲಿ ಯಾರೋ ಹೇಳಿದರೆಂದು ಅದನ್ನು ಕಿತ್ತುಹಾಕಲು ಹೋಗಬೇಡಿ. ಕಂಪ್ಯೂಟರನ್ನು ಆಗಾಗ ಒಂದಷ್ಟು ಹೊತ್ತು ಸುಮ್ಮನೆ ಆನ್ ಇಟ್ಟರೆ ತನ್ನ ತಪಾಸಣೆಯನ್ನು ಆಗಲೇ ಮುಗಿಸಿಕೊಳ್ಳುತ್ತದೆ.

“ಉಚಿತವಾದದ್ದು ಎಷ್ಟರ ಮಟ್ಟಿಗೆ ಕಾಯುತ್ತದೆ?” ಎಂದು ಕೇಳುವವರಿಗೆ ನಾನು ಎರಡು ಸಂಗತಿ ಹೇಳುತ್ತೇನೆ. ಆಂಟಿವೈರಸ್ ಎನ್ನುವುದು ಕಂಪ್ಯೂಟರಿನ ಅತಿ ಆಳದವರೆಗೆ ಅಧಿಕಾರ ಪಡೆದ ಪ್ರೋಗ್ರಾಮು. ಅದರಲ್ಲೇ ತೂತಿದ್ದರೆ ಬಂದವನಿಗೆ ಇಡೀ ಮನೆ ಸಿಕ್ಕಂತೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಹೆಸರಾಂತ ಆಂಟಿವೈರಸ್‌ಗಳಲ್ಲಿ ಅಂಥ ಗಂಭೀರ ತೂತುಗಳನ್ನು ತೋರಿಸಿಕೊಟ್ಟಿದೆ. ಫೈರ್‌ಫಾಕ್ಸ್ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಓ’ಕ್ಯಾಲಹನ್, ಫೈರ್‌ಫಾಕ್ಸ್‌ನ ಸಂಸ್ಥೆ ಮೊಝಿಲ್ಲಾ ಬಿಟ್ಟ ಮೇಲೆ 2017ರಲ್ಲಿ, ಮೈಕ್ರೋಸಾಫ್ಟ್‌ನದನ್ನು ಬಿಟ್ಟು ಉಳಿದ ಆಂಟಿವೈರಸ್‌ಗಳನ್ನು ತೆಗೆದುಹಾಕಿ ಎಂದು ಬಹಿರಂಗವಾಗಿಯೇ ಬರೆದರು. ಎರಡನೆಯದು ಖಾಸಗಿತನದ್ದು. ಅವಾಸ್ಟ್ ಎಂಬ ಆಂಟಿವೈರಸ್ ಕಂಪನಿ ತನ್ನ ಬಳಕೆದಾರರು ಯಾವ್ಯಾವ ಪುಟ ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರ ಜನವರಿಯಲ್ಲಿ ಬಯಲಾಯಿತು. ಆ ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಅಲ್ಲಿನ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆ, ಅವಾಸ್ಟ್ 1.65 ಕೋಟಿ ಡಾಲರ್ ಕಟ್ಟಬೇಕೆಂದಿತು. ಕಾಯುತ್ತೇನೆ ಎಂದು ಬಂದದ್ದೇ ಕದ್ದು ನೋಡಿದ್ದು ನನಗೆ ಇಂದಿಗೂ ಅರಗದ ವಿಷಯ.

2017ರ ಮೇ 12ರಂದು ಹಬ್ಬಿದ ವಾನಾಕ್ರೈ ಇನ್ನೊಂದು ಪಾಠ. ಕಡತಗಳಿಗೆಲ್ಲ ಬೀಗ ಹಾಕಿ ಬಿಡುಗಡೆಗೆ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಅದು. ಅದು ಒಳನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಕೊಟ್ಟಿತ್ತು. ಮರುತಿಂಗಳು ಅದೇ ತೂತನ್ನೂ ಬಳಸಿಕೊಂಡ ನಾಟ್‌ಪೆಟ್ಯಾ ಎಂಬ ಇನ್ನೊಂದು ದಾಳಿ ಬಂದಾಗ ನಮ್ಮ ಪಕ್ಕದ ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಒಂದು ಟರ್ಮಿನಲ್ಲಿನ ಕೆಲಸ ಸ್ಥಗಿತವಾಯಿತು, ಕಂಟೇನರುಗಳು ಸಾಲುಗಟ್ಟಿದವು. ಹಾಗಿದ್ದೂ ‘ಅಪ್‌ಡೇಟ್ ಬಂದಾಗ ನಾ ಬ್ಯಾಡಾ ಅಂತ ಒತ್ತಿಬಿಡ್ತೀನಿ, ಭಾಳ ಹೊತ್ತು ತಗೋತದ’ ಎಂದು ಹೇಳುವ ಮನೆಯಲ್ಲೇ ಆಂಟಿವೈರಸ್ ನವೀಕರಣ ಮಾತ್ರ ತಪ್ಪದೆ ನಡೆಯುತ್ತಿರುತ್ತದೆ. ಉಚಿತವಾಗಿ ಬರುವ ಅಪ್‌ಡೇಟ್ ನಿಜವಾದ ರಕ್ಷಣೆ. ಅದನ್ನು ತಳ್ಳಿ, ದುಡ್ಡು ಕೊಟ್ಟದ್ದೇ ರಕ್ಷಣೆ ಎಂದು ನಂಬುತ್ತೇವೆ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತು ಕನ್ನಡ ಟೈಪಿಂಗಿನದು. ಹೊರನಾಡಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡ ಕನ್ನಡಿಗರು ಮೊದಲು ಹುಡುಕುವುದು ನುಡಿ ಅಥವಾ ಬರಹ. ನುಡಿ ಕನ್ನಡ ಗಣಕ ಪರಿಷತ್ತಿನದು, ಬರಹ ಶೇಷಾದ್ರಿ ವಾಸು ಅವರದು. ಎರಡೂ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿವೆ. ಆದರೆ ಹುಡುಕಿದಾಗ ಮೇಲೆ ಸಿಗುವುದೆಲ್ಲ ಅವರದೇ ತಾಣ ಅಲ್ಲ. ‘ಉಚಿತ ಡೌನ್‌ಲೋಡ್’ ಎಂದು ಹಸಿರು ಗುಂಡಿ ತೋರಿಸುವ ಯಾವುದೋ ತಾಣದಿಂದ ಇಳಿಸಿಕೊಂಡರೆ ಟೈಪಿಂಗ್ ಪ್ರೋಗ್ರಾಮಿನ ಜೊತೆ ಜಾಹೀರಾತಿನ ಕಸವೂ ಇಳಿಯುತ್ತದೆ. ಅಕ್ಕಾರ ಲ್ಯಾಪ್‌ಟಾಪಿಗೆ ಆ ಎಕ್ಸ್‌ಟೆನ್ಶನ್ ಬಂದ ದಾರಿಯೂ ಹೆಚ್ಚುಕಡಿಮೆ ಇದೇ. ಹಳೆಯ ನುಡಿ ಕಡತಗಳನ್ನು ತೆರೆಯಬೇಕಾದವರು ಅಧಿಕೃತ ತಾಣದಿಂದಲೇ ತೆಗೆದುಕೊಳ್ಳಿ. ಬರೀ ಯೂನಿಕೋಡಿನಲ್ಲಿ ಬರೆಯುವವರಿಗೆ ಅದೂ ಬೇಕಿಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೇ ತುಂಗಾ ಫಾಂಟ್ ಇದೆ, ಕನ್ನಡ ಕೀಲಿಮಣೆ ಇದೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ, 11ರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯೂ ಸೇರಿದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಸಾಕು.

ಈಗ ಮೊದಲೇ ಹೇಳಿದ ಆ ಮೂರನೆಯದಕ್ಕೆ, ಭಯ ಹಿಡಿದುಕೊಂಡು ಬರುವ ವಂಚಕನ ವಿಷಯಕ್ಕೆ ಬರುತ್ತೇನೆ.

ಓದುತ್ತಿರುವಾಗ ಪರದೆ ತುಂಬ ಕೆಂಪು ಪುಟವೊಂದು ತೆರೆದುಕೊಳ್ಳುತ್ತದೆ, ಕೀಂ ಎಂದು ಅಲಾರ್ಮ್ ಹೊಡೆಯುತ್ತದೆ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎನ್ನುತ್ತದೆ. ಅಥವಾ ನಿಮ್ಮ ಆಂಟಿವೈರಸ್ ನವೀಕರಣಕ್ಕೆ ಇಷ್ಟು ಸಾವಿರ ಕಡಿತವಾಗಿದೆ, ಬೇಡವಾದರೆ ಈ ನಂಬರಿಗೆ ಕರೆ ಮಾಡಿ ಎಂದು ಇಮೇಲ್ ಬರುತ್ತದೆ. ಫೋನ್ ಮಾಡಿದರೆ ಬಹಳ ವಿನಯದ ದನಿ. ದೂರದಿಂದ ನೋಡುವ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾನೆ. ಹಾಕಿಕೊಂಡ ಕ್ಷಣದಿಂದ ನಿಮ್ಮ ಪರದೆ ಅವನ ಪರದೆ. ಈ ಪೂರ್ತಿ ವ್ಯವಹಾರದಲ್ಲಿ ಎಲ್ಲೂ ವೈರಸ್ ಇಲ್ಲ. ಎನಿಡೆಸ್ಕ್‌ನಂಥ ಆ್ಯಪ್ ಕಾನೂನುಬದ್ಧ ಸಾಧನ, ಅದನ್ನು ಮಾಲೀಕರೇ ಒಪ್ಪಿ ಹಾಕಿಕೊಂಡಿರುತ್ತಾರೆ, ಒಟಿಪಿಯನ್ನು ಮಾಲೀಕರೇ ಹೇಳಿರುತ್ತಾರೆ. ಯಾವ ಆಂಟಿವೈರಸ್ ಇದನ್ನು ತಡೆಯಬೇಕು? ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಈ ಬಗೆಯ ವಂಚನೆಯ ಕುರಿತು ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇದರ ಅಡ್ಡೆಗಳೇನೂ ದೂರದೇಶದಲ್ಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ ಅಲ್ಲಿಂದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಮೆರಿಕದವರನ್ನು ಹೆದರಿಸಿ ದುಡ್ಡು ಕೀಳುತ್ತಿದ್ದದ್ದು ಬಯಲಾಗಿತ್ತು. ಹೆದರಿಸುವ ಹೊಸ ವೇಷ ಡಿಜಿಟಲ್ ಅರೆಸ್ಟ್: ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎನ್ನುವುದು. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ರೇಡಿಯೋ ಭಾಷಣದಲ್ಲಿ ಅದರ ಬಗ್ಗೆ ಹೇಳಬೇಕಾಗಿ ಬಂತು.

ಯೋಚಿಸಿ ನೋಡಿ. ಇಪ್ಪತ್ತು ವರ್ಷ ‘ನೀವು ಅಪಾಯದಲ್ಲಿದ್ದೀರಿ’ ಎಂಬ ಕೆಂಪು ಅಕ್ಷರ ತೋರಿಸಿ ತೋರಿಸಿ ನಾವು ನಮ್ಮ ಹಿರಿಯರಿಗೆ ಕಲಿಸಿದ್ದೇನು? ಕೆಂಪು ಕಂಡರೆ ನಂಬು, ಕಂಡ ಕೂಡಲೇ ಏನಾದರೂ ಒತ್ತು, ದುಡ್ಡು ಕಟ್ಟಿದರೆ ಕೆಂಪು ಹೋಗಿ ಹಸಿರು ಬರುತ್ತದೆ. ವಂಚಕ ಹೊಸದೇನನ್ನೂ ಕಲಿಸಬೇಕಿಲ್ಲ, ನಾವು ಕಲಿಸಿದ್ದನ್ನೇ ಬಳಸಿಕೊಳ್ಳುತ್ತಾನೆ. ನಾನು ಆಂಟಿವೈರಸ್ ಡಬ್ಬಿಯ ವಿರುದ್ಧ ಇಷ್ಟು ಮಾತಾಡುವುದು ದುಡ್ಡು ಉಳಿಸಲೆಂದಲ್ಲ. ಅಂಥದೊಂದು ಡಬ್ಬಿ ಮನೆಯಲ್ಲಿದ್ದರೆ ‘ನಮ್ಮದು ಸೇಫ್ ಅದ’ ಎಂಬ ಧೈರ್ಯದಲ್ಲಿ ಮಕ್ಕಳು ತಂದೆತಾಯಿಗೆ ಹೇಳಬೇಕಾದ ಮಾತನ್ನು ಹೇಳದೆ ಉಳಿಯುತ್ತಾರೆ.

ಆ ಮಾತುಗಳು ಕಷ್ಟದವಲ್ಲ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ಕೆಂಪು ಪುಟ ಬಂದರೆ ಅದು ಬರೀ ಪುಟ, ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಬ್ರೌಸರ್ ಮುಚ್ಚಿ, ಅದೂ ಆಗದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ, ಏನೂ ಆಗುವುದಿಲ್ಲ. ‘ನೋಟಿಫಿಕೇಶನ್ ಕಳಿಸಲೇ?’ ಎಂದು ಯಾವ ತಾಣ ಕೇಳಿದರೂ ಬೇಡ ಅನ್ನಿ, ಮೂಲೆಯಲ್ಲಿ ಬರುವ ಸುಳ್ಳು ವೈರಸ್ ಎಚ್ಚರಿಕೆಗಳಲ್ಲಿ ಬಹಳಷ್ಟು ಬರುವುದು ಆ ದಾರಿಯಿಂದಲೇ. ವಾಟ್ಸ್ಯಾಪಿನಲ್ಲಿ ಲಗ್ನಪತ್ರಿಕೆ ಎಂದು ಬಂದ ಎಪಿಕೆ ಕಡತ ಲಗ್ನಪತ್ರಿಕೆಯಲ್ಲ, ಫೋನಿಗೆ ಆ್ಯಪ್ ತುಂಬಿಸುವ ಕಡತ. ದುಡ್ಡು ಹೋದದ್ದು ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಚಿಕೆಪಟ್ಟುಕೊಂಡು ಮಗನಿಗೆ ಹೇಳಲೋ ಬೇಡವೋ ಎಂದು ಕೂತರೆ ದುಡ್ಡು ಕೈಯಿಂದ ಕೈಗೆ ದಾಟಿಬಿಡುತ್ತದೆ. ಮಕ್ಕಳಿಗೂ ಒಂದು ಮಾತು: ಅಪ್ಪ ಅಮ್ಮ ಫೋನ್ ಮಾಡಿ ‘ಏನೋ ಒತ್ತಿಬಿಟ್ಟೆ’ ಅಂದಾಗ ರೇಗಬೇಡಿ. ಒಂದು ಸಲ ರೇಗಿದರೆ ಮುಂದಿನ ಸಲ ಅವರು ಫೋನ್ ಮಾಡುವುದಿಲ್ಲ.

ಫೋಟೋಗಳ ಬಗ್ಗೆಯೂ ಹೇಳಿಬಿಡುತ್ತೇನೆ. ರ್‍ಯಾನ್ಸಮ್‌ವೇರ್ ಬಂದರೆ ಆಂಟಿವೈರಸ್ ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಂದು ಪ್ರತಿ ತೆಗೆದು, ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಕಪಾಟಿನಲ್ಲಿಟ್ಟರೆ ಅದನ್ನು ಯಾವ ರ್‍ಯಾನ್ಸಮ್‌ವೇರೂ ಮುಟ್ಟಲಾರದು. ಯಾವಾಗಲೂ ಚುಚ್ಚಿಕೊಂಡೇ ಇಟ್ಟ ಡಿಸ್ಕು ಬ್ಯಾಕಪ್ ಅಲ್ಲ.

ಹಳೆಯ ವಿಂಡೋಸ್ ಇಟ್ಟುಕೊಂಡವರ ಕಷ್ಟ ಬೇರೆ. ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತದ್ದು 2020ರ ಜನವರಿಯಲ್ಲಿ, 2023ರಿಂದ ಕ್ರೋಮ್‌ನ ಹೊಸ ಆವೃತ್ತಿಗಳೂ ಅದರ ಮೇಲೆ ಓಡುವುದಿಲ್ಲ. ಅದರ ಮೇಲೆ ಎಷ್ಟು ದುಬಾರಿಯ ಆಂಟಿವೈರಸ್ ಹಾಕಿದರೂ ಕೆಳಗಿನ ತೂತುಗಳು ತೂತುಗಳಾಗಿಯೇ ಉಳಿಯುತ್ತವೆ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರು ಇಎಸ್‌ಯು ಎಂಬ ವಿಸ್ತರಿತ ಅಪ್‌ಡೇಟ್ ಯೋಜನೆಗೆ ಸೇರಿಕೊಂಡರೆ ಭದ್ರತಾ ಅಪ್‌ಡೇಟುಗಳು ಆ ದಿನದಿಂದ ಇನ್ನೊಂದು ವರ್ಷ ಬರುವ ಏರ್ಪಾಡು ಮಾಡಲಾಗಿತ್ತು. ವಿಂಡೋಸ್ 11 ಹತ್ತದ ಯಂತ್ರಗಳಿಗೆ ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಕೊಡುತ್ತೇನೆ. ಬ್ರೌಸರ್, ವಿಡಿಯೋ ಕರೆ, ಕನ್ನಡ ಟೈಪಿಂಗ್ ಇಷ್ಟೇ ಬೇಕಾದವರಿಗೆ ಒಂದು ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ಕಚೇರಿಯ ಲೆಕ್ಕಪತ್ರ ಇಟ್ಟ ಕಂಪ್ಯೂಟರುಗಳ ವಿಷಯ ಇಲ್ಲಿ ಬೇಡ, ಅದು ಬೇರೆಯೇ ಹಿಸಾಬು.

ಇದನ್ನೆಲ್ಲ ನಾನು ತಾಪ್ಕೀರ್ ಗಲ್ಲಿಯಲ್ಲಿ ಅಂಗಡಿ ಇಟ್ಟಿರುವ ಒಬ್ಬ ಪರಿಚಯದವರ ಮುಂದೆಯೂ ಹೇಳಿದ್ದೆ. ಸೋಲಾಪುರದವರು, ಮನೆಯಲ್ಲಿ ಕನ್ನಡ, ಗಲ್ಲೆಯ ಮೇಲೆ ಮರಾಠಿ. ಕೋಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸಮಾಧಾನವಾಗಿಯೇ ಅಂದರು: “ನೀವು ಹೇಳೂದು ಖರೇನ ಅದ ರೀ. ಆದ್ರ ಜನ ನನ್ನ ಹತ್ರ ಡಬ್ಬಿ ತಗೊಳಾಕ ಬರಂಗಿಲ್ಲ. ಏನರೆ ಆದ್ರ ಫೋನ್ ಮಾಡಾಕ ಒಬ್ಬಾಂವ ಇರ್ಲಿ ಅಂತ ಬರ್ತಾರ. ಬಿಲ್ಲು ಡಬ್ಬೀದು ಹರೀತೀನಿ, ಸೇವಾ ನಂದು.”

ಆ ಮಾತಿಗೆ ನನ್ನ ಹತ್ತಿರ ಕೂಡಲೇ ಉತ್ತರವಿರಲಿಲ್ಲ. ಮಕ್ಕಳು ಬೇರೆ ಊರಲ್ಲಿರುವ ಮನೆಗಳಿಗೆ ಬೇಕಾಗಿರುವುದು ನಿಜವಾಗಿಯೂ ಅದೇ. ತಮ್ಮ ಭಾಷೆಯಲ್ಲಿ ಮಾತಾಡುವ, ಗಾಬರಿಯಲ್ಲಿದ್ದಾಗ ‘ಏನೂ ಒತ್ತಬ್ಯಾಡ್ರಿ, ನಾ ನೋಡ್ತೀನಿ’ ಎನ್ನುವ ಒಬ್ಬ ಮನುಷ್ಯ. ಹಾಗಾದರೆ ಆ ಸೇವೆಗೇ ಬಿಲ್ಲು ಹರಿಯಿರಿ ಎಂದೆ. ವರ್ಷಕ್ಕೆ ಇಷ್ಟು ಎಂದು ತಗೊಳ್ಳಿ, ಅಪ್‌ಡೇಟ್ ಆಗಿದೆಯೇ ನೋಡಿ, ಬ್ಯಾಕಪ್ ತೆಗೆದುಕೊಡಿ, ಬೇಡದ ಎಕ್ಸ್‌ಟೆನ್ಶನ್ ಕಿತ್ತುಹಾಕಿ, ಡಿಸ್ಕು ಹಳತಾಗಿದ್ದರೆ ಎಸ್‌ಎಸ್‌ಡಿ ಮಾರಿ, ಲಾಭ ಅದರಲ್ಲೂ ಇದೆ. ಗಿರಾಕಿ ಒಪ್ಪಬೇಕಲ್ಲ, ಕೈಗೆ ಡಬ್ಬಿ ಸಿಗದಿದ್ದರೆ ದುಡ್ಡು ಯಾತಕ್ಕೆ ಕೊಟ್ಟೆ ಅಂತಾರೆ ಎಂದರು. ಒಪ್ಪುವವರನ್ನು ನಾನು ಕಳಿಸುತ್ತೇನೆ ಎಂದಿದ್ದೇನೆ. ಎರಂಡವಣೆ, ಕರ್ವೆನಗರ ಕಡೆಯ ಕೆಲವು ಮನೆಗಳವರು ಆಗಲೇ ಹೋಗಿಬಂದಿದ್ದಾರೆ, ಮೊದಲು ಹೋದವರು ಅಕ್ಕಾರು.